ಅಮ್ಮನ ಮಚ್ಚೆ, ಅಕ್ಕನ ಆಕಾಶ

ನೀವು ಯಾವುದಾದರೂ ಊರಿನ ಯಾವುದಾದರೂ ಹೋಟೆಲಿನಲ್ಲಿ ಒಂದು ರಾತ್ರಿ ತಂಗಿದ್ದರೆ, ಇಲ್ಲವೇ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಕೆನ್ನೆ ಹಿಡಿದುಕೊಂಡು ಕೂತಿದ್ದರೆ, ನನ್ನ ಅಕ್ಕನ ಕೈಕೆಲಸವನ್ನು ನೋಡಿಯೇ ಇರುತ್ತೀರಿ. ಗೋಡೆಯ ಮೇಲೆ ಒಂದು ಚಿತ್ರ ಇರುತ್ತದಲ್ಲ? ಒಂದು ಕೆರೆ, ಕೆರೆಯಾಚೆ ಗುಡ್ಡ, ಈಚೆ ದಡದಲ್ಲಿ ಖಾಲಿ ದೋಣಿ, ಮೇಲೆ ಸಂಜೆಯ ಆಕಾಶ. ಆ ಆಕಾಶ ನನ್ನ ಅಕ್ಕನದು. ಗುಡ್ಡ ಅವಳದಲ್ಲ, ದೋಣಿ ಅವಳದಲ್ಲ, ನೀರಿನಲ್ಲಿ ಕಾಣುವ ಆಕಾಶದ ನೆರಳು ಕೂಡ ಅವಳದಲ್ಲ. ನೆರಳಿಗೆ ಬೇರೆಯವರಿದ್ದಾರೆ.

ಇದನ್ನು ಹೇಳಿದರೆ ಜನ ನಗುತ್ತಾರೆ. ನಗಲಿ. ಅವಳ ಜೊತೆ ಒಂದೇ ಮನೆಯಲ್ಲಿ ಬಾಳುವವಳು ನಾನು, ನನಗೆ ನಗು ಬರುವುದಿಲ್ಲ.

ಮನೆಯಲ್ಲಿ ನಾವು ಮೂರೇ ಜನ, ಅಮ್ಮ, ಅಕ್ಕ, ನಾನು. ನಾನು ಪಾರ್ಸೆಲ್ ಕಚೇರಿಯ ದೂರಿನ ಕಿಟಕಿಯಲ್ಲಿ ಕೂರುವವಳು. ಬೆಳಗಿನಿಂದ ಸಂಜೆಯವರೆಗೆ ಊರವರಿಂದ ಬೈಸಿಕೊಳ್ಳುವುದು ನನ್ನ ಕೆಲಸ, ಮನೆಗೆ ಬಂದು ಬೈಯುವುದು ನನ್ನ ಹಕ್ಕು. ಅಕ್ಕ ಚಿತ್ರದ ಕಾರ್ಖಾನೆಯವಳು. ಹೌದು, ಕಾರ್ಖಾನೆ. ಬಿಸ್ಕತ್ತಿಗೆ ಕಾರ್ಖಾನೆ ಇರುವ ಹಾಗೆ ಚಿತ್ರಕ್ಕೂ ಇದೆ. ಉದ್ದನೆಯ ಹಜಾರ, ಗೋಡೆಯಿಂದ ಗೋಡೆಗೆ ಓರೆಯಾಗಿ ನಿಲ್ಲಿಸಿದ ಹಲಗೆ, ಅದರ ಬುಡದಲ್ಲಿ ಕ್ಯಾನ್ವಾಸು ಕೆಳಗೆ ಜಾರದಂತೆ ಒಂದು ಮರದ ಪಟ್ಟಿ. ಬಲತುದಿಯಲ್ಲಿ, ಕಿಟಕಿಯ ಪಕ್ಕ, ಅಕ್ಕ. ಖಾಲಿ ಕ್ಯಾನ್ವಾಸು ಬರುತ್ತದೆ, ಅವಳು ಆಕಾಶ ಬಳಿದು ಎಡಕ್ಕೆ ತಳ್ಳುತ್ತಾಳೆ. ಅಲ್ಲಿ ಗುಡ್ಡದವನು, ಅವನ ಎಡಕ್ಕೆ ಮರದವಳು, ಆಮೇಲೆ ನೀರಿನವರು, ದೋಣಿಯವನು, ಹಕ್ಕಿಯವಳು. ಎಡತುದಿಯಲ್ಲಿ, ಬಚ್ಚಲಿನ ಬಾಗಿಲ ಹತ್ತಿರ, ಒಂದು ಸ್ಟೂಲಿನ ಮೇಲೆ ಸಹಿಯವನು. ಒಣಗಿ ಬಂದ ಚಿತ್ರದ ಮೂಲೆಯಲ್ಲಿ ಅವನು ಒಂದು ಹೆಸರು ಗೀಚುತ್ತಾನೆ. ಆ ಹೆಸರಿನ ಚಿತ್ರಕಾರ ಹುಟ್ಟೇ ಇಲ್ಲ. ಹಿಂದುಗಡೆ ‘ಕೈಯಿಂದ ಬರೆದದ್ದು’ ಎಂದು ಮುದ್ರೆ ಒತ್ತುತ್ತಾರೆ. ಸುಳ್ಳಲ್ಲ. ಯಾರ ಕೈ, ಎಷ್ಟು ಕೈ ಎಂದು ಕೇಳುವವರಿಲ್ಲ, ಅಷ್ಟೆ. ಲಾರಿ ತುಂಬಿ ಹೋಗುತ್ತದೆ. ಹೊಸ ಹೋಟೆಲು ಎದ್ದಾಗ ದಿಂಬು, ಟವೆಲು, ಚಪ್ಪಲಿಯ ಜೊತೆಗೆ ಚಿತ್ರವನ್ನೂ ಕೋಣೆಗೊಂದರಂತೆ ತರಿಸುತ್ತಾರಂತೆ.

ಈ ಕೆಲಸ ಕಾರ್ಖಾನೆಯಲ್ಲೇ ಇದ್ದಿದ್ದರೆ ನನ್ನದೇನೂ ತಕರಾರಿರಲಿಲ್ಲ. ಅದು ಅವಳ ಜೊತೆ ಮನೆಗೆ ಬರುತ್ತದೆ. ಅಡುಗೆಮನೆಗೆ ಬಣ್ಣ ಬಳಿಯೇ ಎಂದರೆ ಮೇಲಿನ ಅರ್ಧ ಗೋಡೆಯನ್ನು ಕಣ್ಣು ಕೋರೈಸುವ ಹಾಗೆ ಬಳಿದು ಕೈ ತೊಳೆದುಕೊಂಡಳು. ಕೆಳಗಿನ ಅರ್ಧ ಇವತ್ತಿಗೂ ಹಾಗೇ ಇದೆ. ಪಾತ್ರೆ ತೊಳೆಯುವಾಗ ಒಂದೊಂದನ್ನೂ ಉಜ್ಜಿ, ಗಲಬರಿಸಿ, ನೋಡದೆಯೇ ಎಡಕ್ಕೆ ತಳ್ಳುತ್ತಾಳೆ. ಎಡಕ್ಕೆ ನಾನೋ ಅಮ್ಮನೋ ನಿಂತಿದ್ದರೆ ಸರಿ, ಇಲ್ಲದಿದ್ದರೆ ಪಾತ್ರೆ ನೆಲಕ್ಕೆ. ನಮ್ಮ ಮನೆಯಲ್ಲಿ ಗಾಜಿನದು ಅಂತ ಉಳಿದಿರುವುದು ಅಮ್ಮನ ಕನ್ನಡಕ ಒಂದೇ.

“ನಿನ್ನ ಎಡಗಡೆ ಯಾರೂ ಇಲ್ಲ ಕಣೆ!” ಎಂದು ನಾನು ಎಷ್ಟು ಸಲ ಕಿರುಚಿದ್ದೇನೋ. ಗೋಡೆಗೆ ಹೇಳಿದ ಹಾಗೆ.

ಇಂಥ ಅಕ್ಕನಿಗೆ ಒಂದು ಆಸೆ ಇತ್ತು. ಮೂಲೆಯಿಂದ ಮೂಲೆಯವರೆಗೆ ಪೂರ್ತಿ ತಾನೇ ಬರೆದ ಒಂದು ಚಿತ್ರ ಜಗತ್ತಿನಲ್ಲಿ ಎಲ್ಲಾದರೂ ಒಂದು ಗೋಡೆಯ ಮೇಲೆ ಇರಬೇಕು. ಒಂದೇ ಒಂದು ಸಾಕು. ಆಸೆ ದೊಡ್ಡದಲ್ಲ, ಆದರೆ ಅದಕ್ಕಾಗಿ ಅವಳು ನಮ್ಮ ಜೀವ ತಿಂದದ್ದು ಸಣ್ಣದಲ್ಲ.

ಕಾರ್ಖಾನೆಯ ಯಜಮಾನ ಒಂದು ದಿನ ಎಲ್ಲರನ್ನೂ ಕರೆದು, ಕೆರೆ ದೋಣಿ ಹಳತಾಯಿತು, ಗಿರಾಕಿಗಳು ಈಗ ಮನೆಯೊಳಗಿನ ದೃಶ್ಯ ಕೇಳುತ್ತಿದ್ದಾರೆ, ಯಾರಾದರೂ ಹೊಸ ಮಾದರಿ ಬರೆದು ತನ್ನಿ, ಒಪ್ಪಿಗೆಯಾದರೆ ಅದನ್ನೇ ಮಾಡಿಸೋಣ ಎಂದನಂತೆ. ಅಕ್ಕ ಹಾರಿಕೊಂಡೇ ಮನೆಗೆ ಬಂದಳು.

“ಅಮ್ಮಾ, ನಿನ್ನನ್ನೇ ಬರೀತೀನಿ. ಅಡುಗೆಮನೆ ಕಿಟಕಿ ಹತ್ರ ಕೂತು ಬಟಾಣಿ ಬಿಡಿಸ್ತಾ ಇರು.”

“ಬಟಾಣಿ ಎಲ್ಲಿದೆ?” ಎಂದಳು ಅಮ್ಮ.

“ತಂಗಿ ತರ್ತಾಳೆ.”

ತಂಗಿ ತಂದಳು. ವಾರವಾರವೂ ತಂದಳು. ಆ ಚಿತ್ರ ಮುಗಿಯುವಷ್ಟರಲ್ಲಿ ನಾವು ತಿಂದ ಬಟಾಣಿಗೆ ನಮ್ಮ ಮೈಯೇ ಹಸಿರಾಗಬೇಕಿತ್ತು.

ಅಮ್ಮನ ಬಗ್ಗೆ ಒಂದು ಮಾತು ಹೇಳಬೇಕು. ಅವಳಿಗೆ ಮೇಲ್ತುಟಿಯ ಬಲಗಡೆ, ಮೂಗಿನ ಕೆಳಗೆ, ಒಂದು ಮಚ್ಚೆ ಇದೆ. ಮೆಣಸಿನ ಕಾಳಿನಷ್ಟು. ಅವಳ ಜಂಬವೆಲ್ಲ ಅದರಲ್ಲಿದೆ. ನಾವು ಚಿಕ್ಕವರಿದ್ದಾಗ ಸಂತೆಯಲ್ಲಿ ತಪ್ಪಿಸಿಕೊಂಡರೆ, “ತುಟಿ ಮೇಲೆ ಮಚ್ಚೆ ಇರೋಳು ನಮ್ಮಮ್ಮ ಅನ್ನಿ, ಯಾರಾದ್ರೂ ತಂದು ಬಿಡ್ತಾರೆ” ಎನ್ನುತ್ತಿದ್ದಳು. ಅವಳಿಗೆ ಕೋಪ ಬಂದರೆ ಮೊದಲು ಕುಣಿಯುವುದು ಮಚ್ಚೆ. ನಾವಿಬ್ಬರೂ ಅದನ್ನು ನೋಡಿಯೇ ಮನೆಯ ಹವಾಮಾನ ತಿಳಿದುಕೊಂಡು ಬೆಳೆದವರು.

ಮೊದಲ ದಿನ ಅಕ್ಕ ಕಿಟಕಿಯೊಳಗೆ ಆಕಾಶ ಬರೆದಳು. ಅದೆಂಥ ಆಕಾಶ! ಬಟ್ಟೆ ಒಣಹಾಕಿದ ಮೇಲೆ ಮಧ್ಯಾಹ್ನದಲ್ಲಿ ಕಾಣುವ, ಸ್ವಲ್ಪ ಬಿಳಿಚಿಕೊಂಡ, ಯಾರ ಹಂಗೂ ಇಲ್ಲದ ಆಕಾಶ. ನಾನು ಬೈಗುಳ ಮರೆತು ನಿಂತೆ. ಅಕ್ಕ ತಲೆ ಓರೆ ಮಾಡಿ ನೋಡಿದಳು, ಬ್ರಷ್ ಒರೆಸಿದಳು, ಕ್ಯಾನ್ವಾಸನ್ನು ಎಡಕ್ಕೆ ತಳ್ಳಿದಳು.

ಎಡಗಡೆ ಮೇಜು ಮುಗಿದಿತ್ತು. ಆಕಾಶ ಬಟಾಣಿ ಬುಟ್ಟಿಯ ಮೇಲೆ ಬೋರಲು ಬಿತ್ತು.

ಅಮ್ಮ ನಕ್ಕ ರಭಸಕ್ಕೆ ಕುರ್ಚಿಯೇ ಅಲ್ಲಾಡಿತು. ನನಗೆ ಮಾತ್ರ ನೆತ್ತಿಗೇರಿತು. “ನಿನ್ನ ಕೈಗೆ ಸರಪಳಿ ಹಾಕ್ಬೇಕು! ಮಿಕ್ಕಿದ್ದನ್ನ ಯಾರು ಬರೀತಾರೆ ಅಂದ್ಕೊಂಡೆ, ಪಕ್ಕದ ಮನೆಯವ್ರಾ?” ಅಕ್ಕ ನೆಲದಲ್ಲಿ ಕೂತು, ಅಂಟಿಕೊಂಡ ಬಟಾಣಿಗಳನ್ನು ಒಂದೊಂದೇ ಬಿಡಿಸುತ್ತಿದ್ದಳು. ಮರುದಿನ ಮೇಜಿನ ಎಡಬದಿಗೆ ಒಂದು ಹಲಗೆ ಹೊಡೆಸಿದೆವು. ಹಸುವಿನ ಕೊಟ್ಟಿಗೆಗೆ ಅಡ್ಡಗಂಬ ಹಾಕಿದ ಹಾಗೆ ನಮ್ಮ ಅಕ್ಕನಿಗೊಂದು ಅಡ್ಡಹಲಗೆ.

ಆಮೇಲೆ ನಿಜವಾದ ಕಷ್ಟ ಶುರುವಾಯಿತು. ಅವಳಿಗೆ ಆಕಾಶ ಬಿಟ್ಟು ಏನೂ ಬರುತ್ತಿರಲಿಲ್ಲ. ಅಮ್ಮನ ಕೈ ಬರೆದರೆ ಕೈಗವಸಾಯಿತು. ಕಿವಿ ಬರೆದರೆ ಅಣಬೆಯಾಯಿತು. ಒರೆಸುವುದು, ಬರೆಯುವುದು, ಮುಖ ಊದಿಸಿಕೊಂಡು ಊಟ ಬಿಡುವುದು. ಅಮ್ಮ ಬೆನ್ನು ನೋವೆಂದು ಎದ್ದರೆ, “ಅಲ್ಲಾಡ್ಬೇಡ!” ಎಂದು ಗದರುವುದು. “ನಾನೇನು ಗೋಡೆಗೆ ಹೊಡೆದ ಮೊಳೆಯೇನೇ?” ಎಂದು ಅಮ್ಮ. ಇಬ್ಬರ ನಡುವೆ ಬುಟ್ಟಿ ಹಿಡಿದುಕೊಂಡು ನಾನು. ರಜೆಯ ದಿನವೆಂದರೆ ನನಗೆ ಕಚೇರಿಯೇ ವಾಸಿ ಅನ್ನಿಸಿಬಿಟ್ಟಿತ್ತು.

ಆದರೆ ಸುಳ್ಳು ಹೇಳಬಾರದು. ಮುಗಿದ ದಿನ ಅಕ್ಕ ನಮ್ಮನ್ನು ಕರೆದು, ಸಣ್ಣ ಬ್ರಷ್ಷಿನ ತುದಿಯಲ್ಲಿ ಕಂದು ಬಣ್ಣ ತೆಗೆದುಕೊಂಡು, ಕೊನೆಯದಾಗಿ ಮಚ್ಚೆ ಇಟ್ಟಳು. ಅಲ್ಲಿಯವರೆಗೆ ಅದು ಯಾರೋ ಒಬ್ಬ ಮುದುಕಿಯಾಗಿತ್ತು. ಚುಕ್ಕೆ ಬಿದ್ದದ್ದೇ, ಅಮ್ಮ ಬಂದು ಕೂತಳು. ಇನ್ನೇನು ನನ್ನನ್ನು ಕರೆದು ಬಾಗಿಲು ಹಾಕು ಅನ್ನುತ್ತಾಳೆ ಎನ್ನುವ ಹಾಗೆ. ಕೈ ಸ್ವಲ್ಪ ದಪ್ಪವೇ ಇತ್ತು, ಇರಲಿ. ನನಗೆ ಅಕ್ಕನ ಮೇಲೆ ಹೆಮ್ಮೆಯಾಯಿತು, ಹೇಳಲಿಲ್ಲ. ಅಮ್ಮ ಕನ್ನಡಕ ಏರಿಸಿ ನೋಡಿ, “ಪರವಾಗಿಲ್ಲ, ನಾನೇ” ಎಂದಳು.

ಯಜಮಾನನಿಗೆ ಚಿತ್ರ ಹಿಡಿಸಿತು. ಒಪ್ಪಿಗೆಯಾಯಿತು. ಅಕ್ಕ ಆ ದಿನ ಪಾತ್ರೆಯನ್ನು ಬಲಕ್ಕೆ ಇಟ್ಟಳು, ಅಷ್ಟು ಖುಷಿ.

ಮುಂದೆ ಆದದ್ದು ಏನೆಂದು ಚಿತ್ರದ ಕಾರ್ಖಾನೆಯ ಬಾಗಿಲು ಕಾಯುವವನಿಗೂ ಗೊತ್ತಿರುತ್ತದೆ. ಗೊತ್ತಿಲ್ಲದೆ ಇದ್ದವರು ಅಕ್ಕ ಮತ್ತು ನಾವು ಇಬ್ಬರು ಪೆದ್ದಿಯರು. ಒಪ್ಪಿಗೆಯಾದರೆ ಆ ಚಿತ್ರವನ್ನು ಚೌಕಟ್ಟು ಹಾಕಿ ಎಲ್ಲೋ ತೂಗುಹಾಕುತ್ತಾರೆ ಎಂದುಕೊಂಡಿದ್ದೆವು. ಕಾರ್ಖಾನೆಯ ಮೇಸ್ತ್ರಿ ಅದನ್ನು ಹಜಾರದ ನಡುವೆ ಮೊಳೆಗೆ ಸಿಕ್ಕಿಸಿ, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಪಾಲು ಮಾಡಿದನಂತೆ. ಗೋಡೆ ಗುಡ್ಡದವನಿಗೆ. ಬುಟ್ಟಿ ದೋಣಿಯವನಿಗೆ. ಬಟಾಣಿ ಹಕ್ಕಿಯವಳಿಗೆ. ಮುಖಕ್ಕೆ ಹೊರಗಿನಿಂದ ಒಬ್ಬಳನ್ನು ಕರೆಸಿದರು. ಕಿಟಕಿಯೊಳಗಿನ ಅಂಗೈಯಗಲದ ಆಕಾಶ ಅಕ್ಕನಿಗೆ. ಮೂಲೆಯಲ್ಲಿ ಅದೇ ಹುಟ್ಟದವನ ಸಹಿ.

“ನಿನ್ನ ಚಿತ್ರ ವಾಪಸ್ ಕೊಟ್ರಾ?” ಎಂದು ಕೇಳಿದೆ.

“ಅದು ಮಾದರಿ. ನೋಡಿ ಬರೆಯೋಕೆ ಅಲ್ಲೇ ಇರ್ಬೇಕಂತೆ.”

“ಮತ್ತೆ ಇನ್ನೊಂದು ಬರಿ. ಅಮ್ಮ ಇಲ್ಲೇ ಇದ್ದಾಳೆ, ಬಟಾಣಿ ನಾನು ತರ್ತೀನಿ.”

ಅಕ್ಕ ತಲೆಯಲ್ಲಾಡಿಸಿದಳು. “ಈಗ ಬರೆದ್ರೆ ಅದೂ ನಕಲೇ ಅಲ್ವೇನೇ.”

ಅಮ್ಮನಿಗೆ ಇದೊಂದೂ ತಲೆಗೆ ಹೋಗಲಿಲ್ಲ. ಅವಳಿಗೆ ತಾನು ಲಾರಿಯಲ್ಲಿ ಊರೂರಿಗೆ ಹೋಗುತ್ತೇನೆ ಎನ್ನುವುದೊಂದೇ ಗೊತ್ತು. ಒಂದು ತಂದು ತೋರಿಸು, ತೋರಿಸು ಎಂದು ಪ್ರಾಣ ಹಿಂಡಿದಳು. ಕೊನೆಗೆ ಅಕ್ಕ ಚೌಕಟ್ಟು ಸೊಟ್ಟಗಾಗಿ ಪಕ್ಕಕ್ಕಿಟ್ಟ ಒಂದನ್ನು ಕೇಳಿ ತಂದಳು. ಅಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಬೆಳಕಿಗೆ ಹಿಡಿದು ನೋಡಿದಳು. ಕೈ ಈಗ ಸರಿಯಾಗಿತ್ತು, ಬೆರಳು ಬೆರಳಾಗಿಯೇ ಇದ್ದವು. ಮುಖ ನುಣ್ಣಗಿತ್ತು. ಮಚ್ಚೆ ಇರಲಿಲ್ಲ.

“ಚೆನ್ನಾಗಿದೆ,” ಎಂದಳು ಅಮ್ಮ. “ಯಾರಿದು?”

ಅಕ್ಕ ಎದ್ದು ಒಳಗೆ ಹೋದಳು. ಪಾತ್ರೆ ತೊಳೆಯುವ ಸದ್ದು ಬಂತು. ಆಮೇಲೆ ಪಾತ್ರೆ ಬೀಳುವ ಸದ್ದು. ಆ ದಿನ ನಾನು ಕಿರುಚಲಿಲ್ಲ.

ಮರುದಿನ ರಜೆ ಹಾಕಿ ಕಾರ್ಖಾನೆಗೆ ನುಗ್ಗಿದೆ. ಒಂದೋ ಅಕ್ಕನ ಚಿತ್ರ ಕೊಡಿ, ಇಲ್ಲ ಅಮ್ಮನ ಮಚ್ಚೆ ಕೊಡಿ. ಹೇಳಬೇಕಾದ್ದನ್ನೆಲ್ಲ ದಾರಿಯುದ್ದಕ್ಕೂ ಗಟ್ಟಿಯಾಗಿಯೇ ಹೇಳಿಕೊಂಡು ಹೋಗಿದ್ದೆ, ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಕಡೆ ಕೂತರು. ಮೇಸ್ತ್ರಿ ಒಳ್ಳೆಯ ಮನುಷ್ಯ, ಅದೇ ತೊಂದರೆ. ಕುರ್ಚಿ ಹಾಕಿಸಿದ, ಟೀ ತರಿಸಿದ, “ಬನ್ನಿ ಮೇಡಂ, ನೋಡೇ ಬಿಡಿ” ಎಂದು ಒಣಗಿಸುವ ಕೋಣೆಗೆ ಕರೆದುಕೊಂಡು ಹೋದ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ನೆಲದಿಂದ ಸೂರಿನವರೆಗೆ ಅಟ್ಟಣಿಗೆ. ಅಟ್ಟಣಿಗೆಯ ತುಂಬ ಅಮ್ಮ. ಹಿಂದಿನ ಸಾಲು ಕಾಣದಷ್ಟು ಅಮ್ಮಂದಿರು, ಎಲ್ಲರ ಮಡಿಲಲ್ಲೂ ಅದೇ ಬುಟ್ಟಿ, ಅದೇ ಬಟಾಣಿ, ಅದೇ ಕಾಯಿ ಅರ್ಧ ಬಿಡಿಸಿ ಹಿಡಿದ ಬೆರಳು. ಇನ್ನೊಂದು ಬದಿಯಲ್ಲಿ ಮುಖ ಬರುವುದನ್ನು ಕಾಯುತ್ತಿರುವ ಅಮ್ಮಂದಿರು, ಹೆಗಲ ಮೇಲೆ ಬರೀ ಬಿಳಿ. ಅದರಾಚೆ ಅಮ್ಮನೇ ಇಲ್ಲದ ಕಿಟಕಿಗಳು, ಆಕಾಶ ಮಾತ್ರ ಇರುವವು. ದೊಡ್ಡ ಫ್ಯಾನುಗಳು ತಿರುಗುತ್ತಿದ್ದವು. ಟರ್ಪಂಟೈನ್ ವಾಸನೆಗೆ ಕಣ್ಣಲ್ಲಿ ನೀರು. ವಾಸನೆಗೇ ಎಂದುಕೊಂಡೆ.

“ಮಚ್ಚೆ ಯಾಕೆ ತೆಗೆದ್ರಿ?” ಎಂದೆ. ದನಿ ಬಸ್ಸಿನಲ್ಲಿ ಇದ್ದಷ್ಟು ಜೋರಿರಲಿಲ್ಲ.

“ಮೇಡಂ, ಬಣ್ಣ ಸಿಡಿದಿದೆ ಅಂದ್ಕೋತಾರೆ, ಇಲ್ಲ ನೊಣ ಕೂತು ಹೋಗಿದೆ ಅಂತಾರೆ. ಒಂದು ಹೋಟೆಲಿನವ್ರು ಶುರು ಮಾಡಿದ್ರೆ ಲಾರಿಗೆ ಲಾರಿನೇ ವಾಪಸ್ ಬರುತ್ತೆ. ಅದಕ್ಕೇ ಎಲ್ಲ ಬರೆದು ಒಣಗಿದ ಮೇಲೆ ನಾನೇ ಒಂದೊಂದನ್ನೂ ನೋಡ್ತೀನಿ. ಚುಕ್ಕೆ ಇದ್ರೆ ಪಕ್ಕಕ್ಕೆ. ನಾನು ನೋಡಿದ್ದು ಸಹಿಗೆ ಹೋಗುತ್ತೆ, ಸಹಿಯಿಂದ ಸೀದಾ ಡಬ್ಬಿಗೆ. ಆಮೇಲೆ ಯಾರೂ ಮುಟ್ಟೋ ಹಾಗಿಲ್ಲ.” ಅವನಿಗೆ ತನ್ನ ಪದ್ಧತಿಯ ಮೇಲೆ ಬಲು ಅಭಿಮಾನ. “ನಿಮ್ಮ ತಾಯಿಯವರು ಅಂತ ನಮಗೆ ಗೊತ್ತು. ಕೊಳ್ಳೋರಿಗೆ ಏನು ಗೊತ್ತು ಹೇಳಿ?”

ಬೇರೆ ಯಾರಾದರೂ ಆಗಿದ್ದರೆ ಜಗಳ ಆಡುತ್ತಿದ್ದರು. ನಾನು ದೂರಿನ ಕಿಟಕಿಯವಳು. ಇಸ್ತ್ರಿಪೆಟ್ಟಿಗೆಯ ತಳದಲ್ಲಿ ಎಳ್ಳಷ್ಟು ಗುರುತಿದೆ ಎಂದು ಅದನ್ನು ನನ್ನ ಮುಖಕ್ಕೆ ಹಿಡಿದು ಕೂಗಾಡಿದವರನ್ನು ಕಂಡವಳು. ಅವನು ಹೇಳಿದ್ದು ನಿಜ ಎಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಟೀ ಕುಡಿದು ಹಿಂದಿರುಗಿದೆ. ಅಷ್ಟು ಮೈ ಉರಿದದ್ದು ನನ್ನ ಜನ್ಮದಲ್ಲಿ ಇಲ್ಲ.

ಮನೆಗೆ ಬಂದು ಅಕ್ಕನಿಗೆ ಎಲ್ಲ ಹೇಳಿದೆ. ಒಣಗಿಸುವ ಕೋಣೆ, ಮೇಸ್ತ್ರಿಯ ತಪಾಸಣೆ, ಲಾರಿ, ನೊಣ. ಅವಳು “ಆಕಾಶದ ಕುರ್ಚಿಯಿಂದ ಆ ಕೊನೆ ಕಾಣೋದೇ ಇಲ್ಲ ಕಣೆ” ಎಂದಷ್ಟೇ ಹೇಳಿದಳು.

ಕೆಲವು ದಿನ ಕಳೆದ ಮೇಲೆ ಅವಳು ಮಾಡಿದ ಘನಕಾರ್ಯ ಕೇಳಿ. ಸಹಿಯವನು ಕೆಲಸ ಬಿಟ್ಟ. ಅಕ್ಕ ಹೋಗಿ, ನನ್ನನ್ನು ಅಲ್ಲಿ ಕೂರಿಸಿ ಎಂದು ಕೇಳಿಕೊಂಡಳು! ಕೂಲಿ ಕಡಿಮೆ, ಕಿಟಕಿ ಇಲ್ಲ, ಬೆನ್ನಿಗೆ ಆಸರೆ ಇಲ್ಲದ ಸ್ಟೂಲು, ಪಕ್ಕದಲ್ಲಿ ಬಚ್ಚಲಿನ ಬಾಗಿಲು. ಆಕಾಶದ ಕುರ್ಚಿಗಾಗಿ ಹಜಾರದಲ್ಲಿ ಕಣ್ಣಿಟ್ಟವರು ಎಷ್ಟೋ ಜನ. ಅದನ್ನು ಯಾವಳೋ ಹೊಸಬಳಿಗೆ ಬಿಟ್ಟುಕೊಟ್ಟು, ಇವಳು ಹೋಗಿ ಹುಟ್ಟದವನ ಹೆಸರು ಗೀಚಲು ಕೂತಳು.

“ನಿನಗೆ ತಲೆ ನೆಟ್ಟಗಿದೆಯಾ?” ಎಂದೆ. “ನಿನ್ನ ಚಿತ್ರ ಕಿತ್ಕೊಂಡ್ರು, ಈಗ ಅದಕ್ಕೆ ಬೇರೆಯವನ ಹೆಸರು ನೀನೇ ಬರೀತೀಯಾ? ಮಾನ ಮರ್ಯಾದೆ ಬೇಡ್ವಾ?”

“ಅಲ್ಲಿ ಕೆಲಸ ಹಗುರ.”

“ಹಗುರ! ನಿನ್ನ ತಲೆ ಹಗುರ!”

ಅಮ್ಮ ಕೂಡ ನನ್ನ ಕಡೆಗೇ ಇದ್ದಳು. ಮಚ್ಚೆ ಕುಣಿಯುತ್ತಿತ್ತು. ಆ ಸ್ಟೂಲಿನ ದೆಸೆಯಿಂದ ಬೆನ್ನು ಹಿಡಿದುಕೊಂಡು ಬರುವವಳಿಗೆ ಬಿಸಿನೀರಿನ ಶಾಖ ಕೊಡುವುದು ನನ್ನ ಪಾಲಿಗೆ ಬಂತು. ಶಾಖ ಕೊಡುತ್ತ ಬೈದೆ, ಬೈಯುತ್ತ ಶಾಖ ಕೊಟ್ಟೆ.

ಆ ವರ್ಷದ ಕೊನೆಯಲ್ಲಿ ಅಮ್ಮನಿಗೆ ಹಲ್ಲುನೋವು ಬಂತು. ಪೇಟೆಯಲ್ಲಿ ಹೊಸದಾಗಿ ತೆರೆದ ಹಲ್ಲಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಎಲ್ಲ ಹೊಸದು, ಕುರ್ಚಿಯ ಮೇಲಿನ ಪ್ಲಾಸ್ಟಿಕ್ಕು ಕೂಡ ತೆಗೆದಿರಲಿಲ್ಲ. ನಾನು ಚೀಟಿ ಕೊಟ್ಟು ಬರುವಷ್ಟರಲ್ಲಿ ಅಮ್ಮ ಎದುರಿನ ಗೋಡೆಯನ್ನೇ ನೋಡುತ್ತಿದ್ದಳು. ಗೋಡೆಯ ಮೇಲೆ ಕಿಟಕಿ, ಬುಟ್ಟಿ, ಬಟಾಣಿ.

ಅಯ್ಯೋ, ಎಂದುಕೊಂಡೆ. ಈ ಹಾಳು ಚಿತ್ರ ಇಲ್ಲಿಗೂ ಬರಬೇಕಿತ್ತೇ. ಇನ್ನು ‘ಯಾರಿದು’ ಶುರುವಾಗುತ್ತದೆ.

ಕೋಣೆ ಒರೆಸುವ ಹೆಂಗಸು ಬಟ್ಟೆ ಹಿಡಿದು ಬಂದಳು. ಕುರ್ಚಿ ಒರೆಸಿದಳು, ಮೇಜು ಒರೆಸಿದಳು, ಚಿತ್ರದ ಚೌಕಟ್ಟು ಒರೆಸಿದಳು. ಆಮೇಲೆ ಹತ್ತಿರ ಬಗ್ಗಿ ನೋಡಿ, ನಾಲಿಗೆ ಲೊಚಗುಟ್ಟಿ, ಒದ್ದೆ ಬಟ್ಟೆಯ ತುದಿಯನ್ನು ಬೆರಳಿಗೆ ಸುತ್ತಿಕೊಂಡು, ಚಿತ್ರದ ಮುಖದ ಮೇಲೆ ಒಂದೇ ಕಡೆ ತಿಕ್ಕತೊಡಗಿದಳು.

“ಏ! ಉಜ್ಜಬೇಡಮ್ಮಾ!” ಅಮ್ಮ ಹಲ್ಲುನೋವು ಮರೆತು ಎದ್ದು ನಿಂತಿದ್ದಳು. “ಅದು ಹೋಗೋದಲ್ಲ. ಅದು ನಂದು!”

ಹೆಂಗಸು ಹಿಂದಿರುಗಿ ನೋಡಿದಳು. ಅಮ್ಮ ಊದಿಕೊಂಡ ಕೆನ್ನೆಯಿಂದ ಕೈ ತೆಗೆದು, ಒಂದು ಬೆರಳನ್ನು ತನ್ನ ಮೇಲ್ತುಟಿಯ ಮೇಲಿಟ್ಟು ತೋರಿಸಿದಳು. ಹೆಂಗಸು ಅಮ್ಮನನ್ನು ನೋಡಿದಳು, ಚಿತ್ರವನ್ನು ನೋಡಿದಳು, ಮತ್ತೆ ಅಮ್ಮನನ್ನು ನೋಡಿದಳು. ಬಟ್ಟೆಯನ್ನು ಮೆಲ್ಲಗೆ ಬಕೆಟ್ಟಿಗೆ ಹಾಕಿದಳು.

ನಾನು ಹತ್ತಿರ ಹೋಗಿ ನೋಡಿದೆ. ಕಂದು ಬಣ್ಣ. ಮೂಲೆಯ ಸಹಿಯ ಬಣ್ಣವೇ. ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಚೀಟಿಯವರು ನನಗೇ ಹಲ್ಲುನೋವು ಎಂದುಕೊಂಡು ಮೊದಲು ಒಳಗೆ ಕಳಿಸಲು ಹೊರಟರು.

ಸಂಜೆ ಅಕ್ಕ ಪಾತ್ರೆ ತೊಳೆಯುತ್ತಿದ್ದಳು. ನಾನು ಹೋಗಿ ಅವಳ ಎಡಗಡೆ ನಿಂತೆ.

“ಎಷ್ಟಕ್ಕೆ ಇಟ್ಟಿದ್ದೀಯ?”

ಏನೆಂದು ಕೇಳಲಿಲ್ಲ ಅವಳು. “ಎಲ್ಲಕ್ಕೂ,” ಎಂದಳು. “ಸಹಿ ಆದ್ಮೇಲೆ ಬ್ರಷ್ ತುದೀಲಿ ಸ್ವಲ್ಪ ಬಣ್ಣ ಉಳಿಯುತ್ತೆ.”

“ಸಿಕ್ಕಿಬಿದ್ರೆ? ಲಾರಿ ವಾಪಸ್ ಬಂದ್ರೆ? ನಿನ್ನನ್ನ ಹೊರಗೆ ಹಾಕ್ತಾರೆ, ಗೊತ್ತಾ?”

“ಬಂದಿಲ್ವಲ್ಲ ಇನ್ನೂ.” ಉಜ್ಜಿದ ಪಾತ್ರೆಯನ್ನು ಎಡಕ್ಕೆ ತಳ್ಳಿದಳು. ಹಿಡಿದುಕೊಂಡೆ. “ಅಮ್ಮ ಏನಂದ್ಳು?”

“‘ಅದು ನಂದು’ ಅಂದ್ಳು. ಆಸ್ಪತ್ರೆಯೆಲ್ಲ ಕೇಳೋ ಹಾಗೆ.”

ಅಕ್ಕ ನಲ್ಲಿ ನಿಲ್ಲಿಸಿದಳು. ಒದ್ದೆ ಕೈ ಒರೆಸಿಕೊಳ್ಳುತ್ತ ಕೇಳಿದಳು.

“ಆಕಾಶ ಹೇಗಿತ್ತು? ಆ ಹೊಸಬಳು ಸರಿಯಾಗಿ ಬರೆದಿದ್ಳಾ?”

ಇವಳಿಗೆ ಏನು ಹೇಳುವುದು ನೀವೇ ಹೇಳಿ. ಆಕಾಶದ ಕಡೆ ನಾನು ಕಣ್ಣೆತ್ತಿಯೂ ನೋಡಿರಲಿಲ್ಲ.